ಮಕ್ಕಳಿಗಾಗಿ ಬರೆದ ಮೇಷ್ಟ್ರು

1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಆಗ ರಾಯಚೂರು, ಲಿಂಗಸುಗೂರು, ಸಂತೆಕಲ್ಲೂರು ಎಲ್ಲವೂ ನಿಜಾಮರ ಆಳ್ವಿಕೆಗೆ ಸೇರಿದ್ದವು. ಮಕ್ಕಳ ಮನೆಮಾತು ಕನ್ನಡ, ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ. ಅಂಥ ನೆಲದಲ್ಲಿ ಅಧ್ಯಕ್ಷಪೀಠವೇರಿದವರು ಮಕ್ಕಳಿಗಾಗಿ ಬರೆದ ಒಬ್ಬ ಮೇಷ್ಟ್ರು, ಪಂಜೆ ಮಂಗೇಶರಾಯರು.

ಪಂಜೆಯವರು ಹುಟ್ಟಿದ್ದು 1874ರಲ್ಲಿ, ಬಂಟವಾಳದಲ್ಲಿ. ಬಡತನದಲ್ಲಿಯೇ ಓದಿ ಮಂಗಳೂರಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲಾ ತನಿಖಾಧಿಕಾರಿಯಾಗಿ ಊರೂರು ತಿರುಗಿದರು. ಕೊಡಗಿನಲ್ಲಿ ಮುಖ್ಯೋಪಾಧ್ಯಾಯರೂ ಆಗಿದ್ದರು. ಹೀಗೆ ಹತ್ತಾರು ತರಗತಿಗಳನ್ನು ಕಂಡವರಿಗೆ, ಮಕ್ಕಳು ನಲಿದು ಓದುವ ಪುಸ್ತಕಗಳು ಎಷ್ಟು ವಿರಳವೆಂದು ತಿಳಿಯದಿರುತ್ತದೆಯೇ? ತಾವೇ ಕಥೆ, ಪದ್ಯ ಬರೆದರು. ಮಂಗಳೂರಿನ ಬಾಲಸಾಹಿತ್ಯ ಮಂಡಲದ ಮೂಲಕ ಮಕ್ಕಳ ಪುಸ್ತಕಗಳಿಗೆ ದಾರಿ ಮಾಡಿದರು.

ಚಿತ್ರ ಅಚ್ಚು ಹಾಕಿಸುವುದು ದುಬಾರಿಯಾಗಿದ್ದ ಕಾಲವದು. ಪಂಜೆಯವರು ಚಿತ್ರದ ಕೆಲಸವನ್ನು ಶಬ್ದದಿಂದಲೇ ಮಾಡಿಸಿದರು. ‘ಇಲಿಗಳ ಥಕಥೈ’ ಎಂಬ ಕಥೆಯ ಹೆಸರು ಕೇಳಿದರೆ ಸಾಕು, ಕುಣಿಯುವ ಇಲಿಗಳು ಕಣ್ಣಿಗೆ ಕಟ್ಟುತ್ತವೆ.

ಈ ಹಿನ್ನೆಲೆಯಲ್ಲಿ ರಾಯಚೂರಿನ ಆ ಗೌರವಕ್ಕೆ ವಿಶೇಷ ಅರ್ಥವಿದೆ. ಎಳೆಯ ವಯಸ್ಸಿನಲ್ಲಿ ತನ್ನ ನುಡಿಯ ಪುಸ್ತಕ ಕೈಗೆ ಸಿಗದ ಮಗು, ಬೆಳೆದ ಮೇಲೆ ಆ ನುಡಿಯ ಸಾಹಿತ್ಯಕ್ಕೆ ಓದುಗನಾಗುವುದು ಹೇಗೆ? ಈ ಭಾಗ ಕನ್ನಡ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಪಂಜೆಯವರು 1937ರಲ್ಲಿಯೇ ತೀರಿಕೊಂಡಿದ್ದರು.

ವಿದ್ಯಾರ್ಥಿ ಮಿತ್ರರೇ, ಶಾಲೆಯ ಕಪಾಟಿನಲ್ಲಿ ಅವರ ಕಥೆಗಳು ಸಿಕ್ಕರೆ ತಮ್ಮ ತಂಗಿಯರಿಗೆ ಗಟ್ಟಿಯಾಗಿ ಓದಿ ಹೇಳಿ. ಕೇಳುವವರ ಮುಖವನ್ನೂ ಗಮನಿಸಿ. ಮಕ್ಕಳ ಪುಸ್ತಕಕ್ಕೆ ಅದೇ ಪರೀಕ್ಷೆ.