ಕೋವಿಯೂ ಅಂಚೆಯ ಚೀಲವೂ

ಚಿತ್ರದುರ್ಗದ ಕೋಟೆಗೆ ಹೋದವರು ಮದ್ದು ಬೀಸುವ ಕಲ್ಲುಗಳನ್ನು ನೋಡದೆ ಬರುವುದಿಲ್ಲ. ಪಾಳೆಯಗಾರರ ಕೋವಿಗಳಿಗೆ ಬೇಕಾದ ಮದ್ದನ್ನು ಅಲ್ಲಿಯೇ ಅರೆಯುತ್ತಿದ್ದರು. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಕಲ್ಲುಗಳು ಇಂದಿಗೂ ಇವೆ. ಅಂಥ ಮದ್ದನ್ನೋ ಕೋವಿಯನ್ನೋ ಅಂಚೆಯಲ್ಲಿ ಕಳಿಸಬಹುದೆ ಎಂದು ಯಾರಾದರೂ ಕೇಳಿದರೆ ನೀವು ನಕ್ಕೀರಿ. ಶಾಸನ ಮಾಡಿದವರು ನಗಲಿಲ್ಲ, ಯೋಚಿಸಿದರು.

ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯನ್ನು ಏರ್ಪಡಿಸಿದರು. 1889ರಲ್ಲಿ ಅದು ಭಾರತದ ಅಂಚೆಯೊಡನೆ ಕೂಡಿತು. ಆ ಕಾಲದಲ್ಲಿ ಹಳ್ಳಿಗಾಡಿನ ಚೀಲ ಸಾಗುತ್ತಿದ್ದುದು ಆಳಿನ ಹೆಗಲ ಮೇಲೆ. ಒಳಗೇನಿದೆ ಎಂಬುದು ಹೊತ್ತವನಿಗೆ ತಿಳಿಯದು, ತಿಳಿಯಲೂ ಕೂಡದು. ಕಾಗದದ ಗುಟ್ಟು ಕಾಯುವುದೇ ಅಂಚೆಯ ಧರ್ಮ. ಹಾಗಿರುವಾಗ ಆ ಬಡವನ ಜೀವಕ್ಕೆ ಹೊಣೆ ಯಾರು? 1898ರ ಅಂಚೆ ಶಾಸನದ 19ನೆಯ ವಿಧಿ ಇದಕ್ಕೆ ಉತ್ತರ ಹೇಳಿತು. ನಿಯಮದ ಅನುಮತಿಯಿಲ್ಲದೆ ಸಿಡಿಯುವ ವಸ್ತುಗಳು, ಅಪಾಯಕರ ಪದಾರ್ಥಗಳು, ಸರಿಯಾದ ಹೊದಿಕೆಯಿಲ್ಲದ ಹರಿತವಾದ ಸಲಕರಣೆಗಳು, ಅಂಚೆಯವರನ್ನು ಗಾಯಗೊಳಿಸಬಹುದಾದ ಪ್ರಾಣಿಗಳು, ಇವು ಯಾವುವೂ ಚೀಲಕ್ಕೆ ಸಲ್ಲವು ಎಂದಿತು.

ಕೋವಿಗೆ ಬೇರೆಯೇ ಶಾಸನವುಂಟು. ಬ್ರಿಟಿಷರ 1878ರ ಶಾಸನವನ್ನು ತೆಗೆದು ನಮ್ಮ ಪಾರ್ಲಿಮೆಂಟು 1959ರಲ್ಲಿ ಹೊಸದನ್ನು ಮಾಡಿತು. 1962ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಲೈಸೆನ್ಸ್ ಪಡೆದವರ ಕೈಯಲ್ಲಿ ಮಾತ್ರ ಕೋವಿ ಇರಬೇಕು ಎಂಬುದು ಅದರ ತಿರುಳು. ಅದು ರೈತನನ್ನು ಮರೆಯಲಿಲ್ಲ. ಬೆಳೆ ಕಾಯಲೆಂದು ಮೂತಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಅವಕಾಶವನ್ನು ಇಟ್ಟಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹೊಲದವರಿಗೆ ಇದರ ಬೆಲೆ ಗೊತ್ತು.

ಹೊಸದುರ್ಗದ ಕಡೆಯ ರೈತರೊಬ್ಬರ ಕೋವಿ ಕೆಟ್ಟಿತು ಎನ್ನೋಣ. ರಿಪೇರಿಯವರು ಇರುವುದು ದೂರದ ಊರಿನಲ್ಲಿ; ಯಜಮಾನರಿಗೆ ಮೈ ಸರಿಯಿಲ್ಲ. ಪಾರ್ಸೆಲ್ ಕಟ್ಟಿ ಅಂಚೆಗೆ ಹಾಕೋಣವೆಂದರೆ ನಡುವೆ ಹತ್ತಾರು ಕೈ, ಯಾರಿಗೂ ಲೈಸೆನ್ಸ್ ಇಲ್ಲ. ಶಾಸನದ 3ನೆಯ ವಿಧಿಯೇ ಬೇರೆ ದಾರಿ ತೋರಿಸುತ್ತದೆ. ಲೈಸೆನ್ಸುದಾರರು ಅನುಮತಿ ಬರೆದುಕೊಟ್ಟರೆ, ರಿಪೇರಿಗಾಗಲಿ ಲೈಸೆನ್ಸಿನ ನವೀಕರಣಕ್ಕಾಗಲಿ ಇನ್ನೊಬ್ಬರು ಕೋವಿಯನ್ನು ಒಯ್ಯಬಹುದು. ಕಾಗದ ಹಿಡಿದು ಮಗ ಹೊರಟರೆ ಸಾಕು. ದಾರಿಯಲ್ಲಿ ಕೇಳಿದವರಿಗೆ ಇದು ಯಾರದು, ಎಲ್ಲಿಗೆ ಎಂದು ಹೇಳಲು ಒಬ್ಬರಿರುತ್ತಾರೆ.

ಹಳೆಯ ಅಂಚೆ ಶಾಸನದ ಸ್ಥಾನದಲ್ಲಿ ಈಗ 2023ರ ಶಾಸನವಿದೆ. 2024ರ ಜೂನ್ 18ರಿಂದ ಅದು ಜಾರಿಗೆ ಬಂದಿದೆ. ಶಾಸನ ಬದಲಾದರೂ ಚೀಲ ಹೊರುವವರು ಮನುಷ್ಯರೇ. ದೀಪಾವಳಿಗೆ ಮೊಮ್ಮಗನಿಗೆಂದು ಪೊಟ್ಟಣದಲ್ಲಿ ನಾಲ್ಕು ಪಟಾಕಿ ಸೇರಿಸಹೊರಟ ಅಜ್ಜಂದಿರು ಒಂದು ಗಳಿಗೆ ಅವರನ್ನು ನೆನೆಯಲಿ.