ಕಂಬಳದ ಕೋಣಕ್ಕೆ ಕರುವಿನ ಆಯ್ಕೆ

ಕಂಬಳದ ಕೆಸರುಗದ್ದೆಯಲ್ಲಿ ಓಡಬಲ್ಲ ಕೋಣವನ್ನು ಕರುವಾಗಿರುವಾಗಲೇ ಗುರುತಿಸಿ, ಸಾಕಿ, ಜೋಡಿಗೆ ಸೇರಿಸುವ ಕರಾವಳಿಯ ಪದ್ಧತಿ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲೂ ಕಾಸರಗೋಡಿನ ಕೆಲವೆಡೆಯೂ ರೂಢಿಯಲ್ಲಿದೆ. ಕುಂದಾಪುರ ಸೀಮೆ ಕಂಬಳ ನಾಡಿನ ಬಡಗಣ ಭಾಗ. ವಂಡಾರು, ತಗ್ಗರ್ಸೆ, ಚೋರಾಡಿ ಈ ಭಾಗದ ಹೆಸರಾದ ಕಂಬಳಗಳು.

ಮೊದಲಿಗೆ ಓಟದ ಕೋಣವೆಂದು ಬೇರೆ ಇರಲಿಲ್ಲ. ಕಾರ್ತಿ ಬೆಳೆಯ ಕೊಯ್ಲು ಮುಗಿದು ಸುಗ್ಗಿ ಬೆಳೆಗೆ ಗದ್ದೆ ಹದಮಾಡುವ ಹೊತ್ತಿನಲ್ಲಿ, ದೊಡ್ಡ ಮನೆತನದ ಕಂಬಳಗದ್ದೆಗೆ ಊರಿನ ಉಳುವ ಜೋಡಿಗಳೇ ಇಳಿಯುತ್ತಿದ್ದವು. ದೈವದ ಕಟ್ಟಳೆ, ಜಾನುವಾರಿನ ಕ್ಷೇಮಕ್ಕೆ ಹೊತ್ತ ಹರಕೆ, ಉಳುಮೆ ಎಲ್ಲವೂ ಒಂದೇ ದಿನಕ್ಕೆ ಸೇರಿದ್ದವು. ಹಾಗಾಗಿ ಕರುವಿನ ಆಯ್ಕೆ ಹಟ್ಟಿಯೊಳಗೇ ನಡೆಯುತ್ತಿತ್ತು. ತಾಯಿ ಎಮ್ಮೆಯ ಗುಣ ಮನೆಯವರಿಗೆಲ್ಲ ಗೊತ್ತಿರುತ್ತಿತ್ತು. ಕರು ಹಾಲು ಕುಡಿಯುವ ಚುರುಕು, ಬೆದರುವ ಬಗೆ, ಗುಡ್ಡೆಗೆ ಮೇಯಲು ಹೊರಟಾಗ ಮುಂದೆ ಹೋಗುತ್ತದೋ ಹಿಂದುಳಿಯುತ್ತದೋ ಎಂಬುದನ್ನು ದಿನವೂ ನೋಡಿದವರೇ ಅದನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂದು ತೀರ್ಮಾನಿಸುತ್ತಿದ್ದರು. ಈ ಪದ್ಧತಿಯ ನಿಜವಾದ ಬಲ ಇದ್ದದ್ದು ಆ ದಿನನಿತ್ಯದ ಪರಿಚಯದಲ್ಲಿ.

ಈಗ ಕರು ನೋಡುವುದೆಂದರೆ ಬಹುಮಟ್ಟಿಗೆ ಪರರ ಹಟ್ಟಿಯಲ್ಲಿ, ಇಲ್ಲವೇ ಜಾನುವಾರು ಸಂತೆಯಲ್ಲಿ. ಟಿಲ್ಲರ್, ಟ್ರ್ಯಾಕ್ಟರ್ ಬಂದು ಉಳುಮೆಯ ಕೋಣಗಳು ಕಡಿಮೆಯಾದ ಮೇಲೆ ಘಟ್ಟದ ಮೇಲಿನಿಂದಲೂ ಕರುಗಳನ್ನು ತರುತ್ತಾರೆ. ಬಲ್ಲವರು ಮೊದಲು ನೋಡುವುದು ಕಾಲು, ಗೊರಸು; ಆಮೇಲೆ ಮೈಯ ಉದ್ದ, ಎದೆಯ ಅಗಲ, ಚರ್ಮದ ನಯ. ಸುಳಿ ನೋಡುವವರೂ ಇದ್ದಾರೆ; ಅದು ನಂಬಿಕೆಯ ಮಾತು, ಓಟದ್ದಲ್ಲ. ಬಾಯಿ ಬಿಡಿಸಿ ಹಲ್ಲು ನೋಡುವುದು ಮಾತ್ರ ಲೆಕ್ಕದ ಕೆಲಸ. ಎಮ್ಮೆ ಜಾತಿಗೆ ಮೇಲ್ದವಡೆಯಲ್ಲಿ ಮುಂಬಲ್ಲು ಇಲ್ಲ; ಕೆಳದವಡೆಯಲ್ಲಿ ಎಂಟು. ಸುಮಾರು ಎರಡೂವರೆಯಿಂದ ಮೂರು ವರ್ಷಕ್ಕೆ ನಡುವಿನ ಎರಡು ಹಾಲುಹಲ್ಲು ಬಿದ್ದು ಅಗಲವಾದ ಹಲ್ಲು ಬರುತ್ತವೆ. ನಾಲ್ಕು, ಆರು ಎಂದು ಬದಲಾಗುತ್ತ ಐದು ವರ್ಷದ ಆಸುಪಾಸಿಗೆ ಎಂಟೂ ಹಲ್ಲು ಬಂದು ಬಾಯಿಗೂಡುತ್ತದೆ. ಕಂಬಳ ಸ್ಪರ್ಧೆಯ ಹಗ್ಗ, ನೇಗಿಲು ವಿಭಾಗಗಳಲ್ಲಿ ಕಿರಿಯ ಹಿರಿಯ ಎಂದು ವಿಂಗಡಿಸುವುದಕ್ಕೂ ಇದೇ ಹಲ್ಲು ಆಧಾರ.

ಒಂದು ಕರು ಸಿಕ್ಕರೆ ಅರ್ಧ ಕೆಲಸವಷ್ಟೇ ಆಯಿತು. ಎತ್ತರ, ಹೆಜ್ಜೆ, ಸ್ವಭಾವ ಹೊಂದುವ ಇನ್ನೊಂದು ಸಿಗಬೇಕು. ಒಂದು ಮುನ್ನುಗ್ಗಿ ಇನ್ನೊಂದು ಜಗ್ಗಿದರೆ ಜೋಡಿ ಕರೆಯ, ಅಂದರೆ ಓಟದ ಕೆಸರುಪಥದ, ಅಂಚಿಗೆ ಎಳೆಯುತ್ತದೆ. ಬೆವರುಗ್ರಂಥಿ ಕಡಿಮೆಯಿರುವ ಕಪ್ಪು ಮೈಯಾದ್ದರಿಂದ ಕೋಣ ಬಿಸಿಲು ತಡೆಯದು. ಹುರುಳಿ ಬೇಯಿಸಿ ಹಾಕುವುದು, ಎಣ್ಣೆ ತಿಕ್ಕುವುದು, ಕೆರೆಯಲ್ಲಿ ಈಜಿಸುವುದು ಸಾಕಣೆಯ ಮುಖ್ಯ ಭಾಗ.

ಓಟದ ಕುದುರೆಯ ಮಾತೇ ಬೇರೆ. ಥರೋಬ್ರೆಡ್ ಕುದುರೆಗಳ ವಂಶಾವಳಿ ಇಂಗ್ಲೆಂಡಿನಲ್ಲಿ 1791ರಿಂದ ಅಚ್ಚಾಗುತ್ತಿದೆ. ಕುಣಿಗಲ್ಲಿನ ಕುದುರೆ ಫಾರ್ಮಿನಂಥ ಕಡೆ ಹುಟ್ಟಿದ ಮರಿಯ ತಂದೆ ತಾಯಿ ಯಾರು, ಅವು ಯಾವ ಪಂದ್ಯ ಗೆದ್ದವು ಎಂಬುದೆಲ್ಲ ದಾಖಲಾಗಿರುತ್ತದೆ. ಕಂಬಳದ ಕೋಣಕ್ಕೆ ಹಾಗೆ ಅಚ್ಚಾದ ವಂಶಪುಸ್ತಕವಿಲ್ಲ. ಹಿಂದೆ ಅದು ಮನೆಯವರ ನೆನಪಿನಲ್ಲಿತ್ತು. ಕರು ಸಂತೆಯಿಂದ ಬರತೊಡಗಿದ ಮೇಲೆ ಆ ನೆನಪೂ ಇಲ್ಲವಾಯಿತು. ಕಂಬಳ ಉಳಿಯಬೇಕೆನ್ನುವವರು ಮೊದಲು ಕೈಹಾಕಬೇಕಾದ ಕೆಲಸ ಈ ದಾಖಲೆಯದು.

1969-70ರಲ್ಲಿ ಕಾರ್ಕಳ ಬಳಿಯ ಬಜಗೋಳಿಯಲ್ಲಿ ಲವ-ಕುಶ ಜೋಡುಕರೆ ಕಂಬಳ ಆರಂಭವಾದದ್ದು ಸ್ಪರ್ಧೆಯ ದಿಕ್ಕು ಬದಲಿಸಿತು. ಎರಡು ಕರೆಗಳಲ್ಲಿ ಜೊತೆಜೊತೆಯಾಗಿ ಓಡಿಸುವಾಗ ವೇಗವೇ ಮುಖ್ಯವಾಗಿ, ಉಳುಮೆಗೆ ಬೇಕಿದ್ದ ತಾಳ್ಮೆಯ ಗಟ್ಟಿ ಕೋಣಕ್ಕಿಂತ ಚುರುಕಿನ ಕೋಣಕ್ಕೆ ಬೆಲೆ ಬಂತು. ಕುಂದಾಪುರ ಸೀಮೆಯ ಸಾಂಪ್ರದಾಯಿಕ ಕಂಬಳಗಳಲ್ಲಿ ಹರಕೆಯ ಕೋಣಗಳಿಗೆ ಈಗಲೂ ಜಾಗವಿದೆ.

ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಷೇಧಿಸಿದ 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳದ ಭವಿಷ್ಯ ತೂಗುಯ್ಯಾಲೆಯಲ್ಲಿತ್ತು. 2016ರ ನವೆಂಬರಿನಲ್ಲಿ ರಾಜ್ಯ ಹೈಕೋರ್ಟ್ ಕಂಬಳಕ್ಕೆ ತಡೆ ನೀಡಿತು. ಆ ದಿನಗಳಲ್ಲಿ ಕರು ಕೊಳ್ಳುವುದೆಂದರೆ, ಮುಂದೆ ಓಡಿಸಲು ಅಪ್ಪಣೆ ಸಿಗುತ್ತದೋ ಇಲ್ಲವೋ ತಿಳಿಯದೆ ವರ್ಷಗಟ್ಟಲೆಯ ಸಾಕಣೆಯ ಖರ್ಚು ಹೊರುವುದಾಗಿತ್ತು. 2017ರಲ್ಲಿ ರಾಜ್ಯ ಸರ್ಕಾರ ಕಂಬಳಕ್ಕೆ ಅವಕಾಶ ಕೊಡುವ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.