ಅಲಸಂದೆ ಕಾಳಿನ ಕಾವಲುಗಾರ ಯಾರು?

ಅಡುಗೆಮನೆಯಲ್ಲಿ ಮರೆತುಹೋದ ಅಲಸಂದೆ ಡಬ್ಬವನ್ನು ಎರಡು ತಿಂಗಳ ನಂತರ ತೆರೆದವರಿಗೆ ಈ ಕಥೆಯ ಖಳನಾಯಕನ ಪರಿಚಯ ಇದ್ದೇ ಇರುತ್ತದೆ. ಕಾಳಿನ ಮೈಮೇಲೆ ದುಂಡನೆಯ ತೂತು, ತಳದಲ್ಲಿ ಹಿಟ್ಟು, ನಡುವೆ ಹರಿದಾಡುವ ಕಂದು ದುಂಬಿ. ಶಾಸ್ತ್ರೀಯ ಹೆಸರು ಕ್ಯಾಲೊಸೊಬ್ರೂಕಸ್ ಮ್ಯಾಕ್ಯುಲೇಟಸ್. ಹೆಣ್ಣು ದುಂಬಿ ಕಾಳಿನ ಸಿಪ್ಪೆಗೆ ಮೊಟ್ಟೆ ಅಂಟಿಸುತ್ತದೆ. ಮರಿಯು ಮೊಟ್ಟೆಯ ತಳದಿಂದಲೇ ನೇರವಾಗಿ ಕಾಳಿನೊಳಕ್ಕೆ ಕೊರೆದು, ಅಲ್ಲೇ ತಿಂದು ಬೆಳೆದು, ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ದುಂಬಿಯಾಗಿ ಹೊರಬರುತ್ತದೆ. ಅದರ ತೊಟ್ಟಿಲೂ ಉಗ್ರಾಣವೂ ಒಂದೇ ಕಾಳು.

ನಮಗೆ ಇದು ಮನೆಯೊಳಗಿನ ತಲೆನೋವು. ಅಲಸಂದೆಯೇ ಮುಖ್ಯ ಪ್ರೋಟೀನ್ ಆಗಿರುವ ಪಶ್ಚಿಮ ಆಫ್ರಿಕಾದ ರೈತನಿಗೆ ಇದು ಹೊಟ್ಟೆಯ ಪ್ರಶ್ನೆ. ಹುಳುವಿಗೆ ಹೆದರಿ ಆತ ಸುಗ್ಗಿಯಲ್ಲೇ ಸಿಕ್ಕ ಬೆಲೆಗೆ ಮಾರಿಬಿಡುತ್ತಾನೆ. ಕೆಲವು ತಿಂಗಳ ನಂತರ ಅದೇ ಕಾಳನ್ನು ದುಬಾರಿ ಬೆಲೆಗೆ ಕೊಳ್ಳುತ್ತಾನೆ.

ನೈಜೀರಿಯಾದ ಇಬಾದಾನ್ ನಗರದಲ್ಲಿ 1967ರಲ್ಲಿ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ವಿಜ್ಞಾನಿಗಳು 1970ರ ದಶಕದಲ್ಲಿ ಸಾವಿರಾರು ಅಲಸಂದೆ ತಳಿಗಳನ್ನು ದುಂಬಿಗೆ ಒಡ್ಡಿ ನೋಡಿದರು. ಬಹುತೇಕ ಎಲ್ಲವೂ ಸೋತವು. ಟಿವಿಯು 2027 ಎಂಬ ತಳಿ ಮಾತ್ರ ತಡೆದು ನಿಂತಿತು. ಮೊಟ್ಟೆ ಇಡುವುದನ್ನು ಅದು ತಪ್ಪಿಸಲಿಲ್ಲ. ಒಳಹೊಕ್ಕ ಮರಿಗಳಲ್ಲಿ ಹೆಚ್ಚಿನವು ಸತ್ತವು, ಉಳಿದವು ಬಹಳ ತಡವಾಗಿ ಹೊರಬಂದವು.

ಕಾರಣವೇನು? 1979ರಲ್ಲಿ ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದ ಗೇಟ್‌ಹೌಸ್, ಬೋಲ್ಟರ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಈ ಕಾಳಿನಲ್ಲಿ ಟ್ರಿಪ್ಸಿನ್ ಪ್ರತಿಬಂಧಕವೆಂಬ ಪ್ರೋಟೀನ್ ಹೆಚ್ಚಾಗಿದೆ, ಅದು ಹುಳುವಿನ ಜೀರ್ಣಕ್ರಿಯೆಗೆ ಬೀಗ ಹಾಕುತ್ತದೆ ಎಂದರು. 1987ರಲ್ಲಿ ಡರ್‌ಹ್ಯಾಮ್ ತಂಡವೇ ಅಲಸಂದೆಯ ಆ ಜೀನನ್ನು ತಂಬಾಕು ಗಿಡಕ್ಕೆ ಸೇರಿಸಿ, ಎಲೆ ತಿನ್ನುವ ಕಂಬಳಿಹುಳುವಿನ ಕಾಟ ತಗ್ಗಿದ್ದನ್ನು ತೋರಿಸಿದಾಗ ವಿಜ್ಞಾನಲೋಕ ಬೆರಗಾಯಿತು. ನನ್ನ ಬಿ.ಎಸ್ಸಿ. ಟಿಪ್ಪಣಿ ಪುಸ್ತಕದಲ್ಲಿ ಈ ಉತ್ತರ ಇಂದಿಗೂ ಎರಡು ಗೆರೆ ಎಳೆಸಿಕೊಂಡು ಕುಳಿತಿದೆ.

ಆದರೆ ಬೀಗಕ್ಕೂ ಬಾಗಿಲಿಗೂ ಹೊಂದಿಕೆಯಾಗಬೇಕಲ್ಲ! ಕಂಬಳಿಹುಳು ಪ್ರೋಟೀನನ್ನು ಟ್ರಿಪ್ಸಿನ್ ಬಗೆಯ ಕಿಣ್ವದಿಂದ ಜೀರ್ಣಿಸಿಕೊಳ್ಳುತ್ತದೆ. ಆದ್ದರಿಂದ ತಂಬಾಕಿನ ಪ್ರಯೋಗ ಸರಿಯಾಗಿಯೇ ಇತ್ತು. ಅಲಸಂದೆ ದುಂಬಿಯ ಮರಿ ಹಾಗಲ್ಲ. ಅದರ ಕರುಳಿನ ಪ್ರಮುಖ ಕಿಣ್ವ ಸಿಸ್ಟೀನ್ ಪ್ರೋಟಿಯೇಸ್ ಎಂಬ ಬೇರೆಯೇ ಗುಂಪಿನದೆಂದು 1986ರಲ್ಲಿ ಅಮೆರಿಕದ ಕಿಚ್ ಮತ್ತು ಮರ್ಡಾಕ್ ವರದಿ ಮಾಡಿದ್ದರು. ಟ್ರಿಪ್ಸಿನ್ ಪ್ರತಿಬಂಧಕ ಅದನ್ನು ಮುಟ್ಟುವುದೇ ಇಲ್ಲ. 1989ರಲ್ಲಿ ಬ್ರೆಜಿಲ್‌ನ ಷವಿಯೆರ್ ಫಿಲ್ಯೊ ತಂಡ ಹಲವು ತಳಿಗಳನ್ನು ಹೋಲಿಸಿ, ಪ್ರತಿಬಂಧಕದ ಪ್ರಮಾಣಕ್ಕೂ ಪ್ರತಿರೋಧಕ್ಕೂ ಸರಿಯಾದ ಸಂಬಂಧವಿಲ್ಲ ಎಂದಿತು. 1990ರ ದಶಕದಲ್ಲಿ ಅವರ ಬೆರಳು ವಿಸಿಲಿನ್ ಕಡೆಗೆ ತಿರುಗಿತು. ಅದು ಕಾಳಿನ ಸಾಧಾರಣ ಸಂಗ್ರಹ ಪ್ರೋಟೀನ್. ನಿರೋಧಕ ತಳಿಯಲ್ಲಿ ಅದರ ರೂಪ ತುಸು ಬೇರೆ: ಹುಳುವಿಗೆ ಸುಲಭವಾಗಿ ಅರಗುವುದಿಲ್ಲ, ಕರುಳಿನಲ್ಲಿರುವ ಕೈಟಿನ್‌ಗೆ ಅಂಟಿಕೊಳ್ಳುತ್ತದೆ. ಎಲ್ಲರೂ ಬಾಗಿಲಲ್ಲಿ ಪಹರೆಯವನನ್ನು ಹುಡುಕುತ್ತಿದ್ದಾಗ, ಉಗ್ರಾಣದ ಅಕ್ಕಿಯೇ ಕಲ್ಲಾಗಿತ್ತೆನ್ನಬಹುದು.

ದುಂಬಿಯೂ ಸುಮ್ಮನಿರಲಿಲ್ಲ. ಬೇರೆ ಬೇರೆ ಊರುಗಳಿಂದ ತಂದ ದುಂಬಿಗಳು ಟಿವಿಯು 2027ರ ಮೇಲೆ ಬೇರೆ ಬೇರೆ ಮಟ್ಟದಲ್ಲಿ ಬದುಕುತ್ತವೆಂದು 1986ರ ಹೊತ್ತಿಗೇ ಗೊತ್ತಾಗಿತ್ತು. ಒಂದೇ ತಳಿಯನ್ನು ನೆಚ್ಚಿ ಕೂರುವಂತಿರಲಿಲ್ಲ.

ಮೇಲೆ ಹೇಳಿದ ಲ್ಯಾರಿ ಮರ್ಡಾಕ್ ಅವರೇ 1980ರ ದಶಕದ ಕೊನೆಯಲ್ಲಿ ಕ್ಯಾಮರೂನ್ ದೇಶದ ಹಳ್ಳಿಗಳಿಗಾಗಿ ಕೈಗೊಂಡ ಕೆಲಸ ನನಗೆ ಇನ್ನೂ ಸ್ವಾರಸ್ಯವೆನಿಸುತ್ತದೆ. ಒಂದರೊಳಗೊಂದು ಪ್ಲಾಸ್ಟಿಕ್ ಚೀಲವಿಟ್ಟು ಗಾಳಿಯಾಡದಂತೆ ಬಾಯಿ ಕಟ್ಟುವುದು, ಅಷ್ಟೇ. ಎರಡು ಪಾಲಿಥೀನ್ ಪದರ, ಹೊರಗೊಂದು ನೇಯ್ದ ಚೀಲವಿರುವ ಈ ಮಾದರಿಯನ್ನು 2007ರ ನಂತರ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ವ್ಯಾಪಕವಾಗಿ ಹಂಚಲಾಯಿತು. ಒಳಗಿನ ಆಮ್ಲಜನಕವನ್ನು ಹುಳುಗಳೇ ಉಸಿರಾಡಿ ಮುಗಿಸುತ್ತವೆ. ಒಣಕಾಳಿನೊಳಗಿನ ಮರಿ ತನಗೆ ಬೇಕಾದ ನೀರನ್ನು ಆಹಾರ ಮತ್ತು ಆಮ್ಲಜನಕದ ಸಂಯೋಗದಿಂದಲೇ ತಯಾರಿಸಿಕೊಳ್ಳಬೇಕು. ಆಮ್ಲಜನಕ ಮುಗಿದರೆ ಕಾಳಿನ ನಡುವೆ ಕುಳಿತ ಮರಿ ಬಾಯಾರಿ ಸಾಯುತ್ತದೆ.